ಬೇರು ನೋಡಿ ಗೋಧಿ ತಳಿ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟು ದಿನ ಇಲ್ಲದ ಬೇರಿನ ಮಾತು ಈಗೇಕೆ?

ಗೋಧಿ ತಳಿ ತಯಾರಿಸುವವರು ನೂರು ವರ್ಷದಿಂದ ನೆಲದ ಮೇಲೆ ಕಾಣುವುದನ್ನೇ ಆರಿಸುತ್ತ ಬಂದಿದ್ದಾರೆ: ತೆನೆಯ ಗಾತ್ರ, ಕಾಳಿನ ತೂಕ, ತುಕ್ಕು ರೋಗಕ್ಕೆ ತಡೆ, ಗಿಡದ ಎತ್ತರ. ಬೇರು ನೋಡಬೇಕಾದರೆ ಅಗೆಯಬೇಕು, ಅಗೆದರೆ ಗಿಡ ಹೋಗುತ್ತದೆ. ಸಾವಿರಾರು ಸಾಲುಗಳಲ್ಲಿ ಅದು ಆಗದ ಕೆಲಸ. ಜೊತೆಗೆ ಹಸಿರು ಕ್ರಾಂತಿಯ ತಳಿಗಳನ್ನು ಪರೀಕ್ಷಿಸಿದ್ದು ಬಹುಪಾಲು ನೀರಾವರಿ ಹೊಲಗಳಲ್ಲಿ. ನೀರೂ ಗೊಬ್ಬರವೂ ಮೇಲಿನ ಒಂದಡಿಯಲ್ಲೇ ಸಿಗುವಾಗ ಆಳಕ್ಕೆ ಇಳಿಯುವ ಬೇರಿನಿಂದ ಇಳುವರಿ ಹೆಚ್ಚುವುದಿಲ್ಲ. ಹೀಗಾಗಿ ಅಂಥ ಗಿಡ ಆಯ್ಕೆಯಲ್ಲಿ ಎದ್ದು ಕಾಣುತ್ತಲೇ ಇರಲಿಲ್ಲ.

ಈಗ ಲೆಕ್ಕ ಬದಲಾಗಿದೆ. ಜಗತ್ತಿನ ಸರಾಸರಿ ಉಷ್ಣತೆ 1 ಡಿಗ್ರಿ ಏರಿದರೆ ಗೋಧಿ ಉತ್ಪಾದನೆ ಸುಮಾರು ಶೇ. 6ರಷ್ಟು ಕುಸಿಯುತ್ತದೆ ಎಂದು 2015ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಬೆಳೆಯ ಬೆಳವಣಿಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮೂವತ್ತು ಮಾದರಿಗಳನ್ನು ಒಟ್ಟಿಗೆ ಓಡಿಸಿ ಅಂದಾಜು ಮಾಡಿದರು. 2022ರ ಮಾರ್ಚ್ ಬಿಸಿಗೆ ಉತ್ತರ ಭಾರತದಲ್ಲಿ ಕಾಳು ಸೊರಗಿತು. ಅದೇ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಕಾಳು ತುಂಬುವ ಹೊತ್ತಿಗೆ ಬಿಸಿಯೂ ಒಣಹವೆಯೂ ಒಟ್ಟಿಗೆ ಬಂದರೆ ಗಿಡಕ್ಕೆ ಆಸರೆಯಾಗುವುದು ಕೆಳಗಿನ ಮಣ್ಣಿನಲ್ಲಿ ಉಳಿದಿರುವ ಹಸಿ. ಅದನ್ನು ಎಳೆದುಕೊಳ್ಳಬಲ್ಲ ಗಿಡ ಬೆವರಿ ತನ್ನನ್ನು ತಣ್ಣಗಿಟ್ಟುಕೊಳ್ಳುತ್ತದೆ, ಆಗದ್ದು ಬೇಗ ಹಣ್ಣಾಗುತ್ತದೆ.

ಒಳ್ಳೆಯ ಬೇರು ಅಂದರೆ ದೊಡ್ಡ ಬೇರು ತಾನೇ?

ಅಲ್ಲ. ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಬ್ಬಿರುವ ತಪ್ಪು ತಿಳಿವಳಿಕೆ ಇದೇ. ಎಲೆ ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲು ಬೇರು ಬೆಳೆಸಲು ಮತ್ತು ಸಾಕಲು ಖರ್ಚಾಗುತ್ತದೆ. ಹೆಚ್ಚು ಬೇರು ಅಂದರೆ ಅಷ್ಟು ಕಡಿಮೆ ಕಾಳು ಎಂದೂ ಆಗಬಹುದು. ಮೇಲ್ಮಣ್ಣಿನಲ್ಲಿ ಒತ್ತಾಗಿ ಹೆಣೆದ ಬೇರು ಇದ್ದ ಹಸಿಯನ್ನು ಮೊದಲ ಐವತ್ತು ದಿನದಲ್ಲೇ ಹೀರಿ, ತೆನೆ ಬರುವಾಗ ಗಿಡವನ್ನು ಒಣಗಲು ಬಿಡುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಮಣ್ಣಿನಲ್ಲಿ ನೀರು ಎಲ್ಲಿರುತ್ತದೆ, ಯಾವಾಗ ಇರುತ್ತದೆ? ಮುಂಗಾರಿನ ನೀರು ತುಂಬಿಕೊಂಡ ಆಳವಾದ ಎರೆ ಭೂಮಿಯಲ್ಲಿ, ಬಿತ್ತಿದ ಮೇಲೆ ಮಳೆಯೇ ಇಲ್ಲದೆ ಬೆಳೆಯುವ ಹಿಂಗಾರಿ ಗೋಧಿಗೆ ನೆಟ್ಟಗೆ ಕೆಳಗಿಳಿಯುವ ಬೇರು ಲಾಭ. ಬೆಳೆ ಕಾಲದಲ್ಲೇ ಆಗಾಗ ಸಣ್ಣ ಮಳೆ ಬೀಳುವ ಕಡೆ, ಉದಾಹರಣೆಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕೆಲವು ಪ್ರದೇಶಗಳಲ್ಲಿ, ಅಗಲಕ್ಕೆ ಹರಡುವ ಬೇರು ಮೇಲು. ಒಂದೂವರೆ ಅಡಿಗೇ ಗರಸು ಸಿಗುವ ಹೊಲದಲ್ಲಿ ಆಳ ಬೇರಿನ ತಳಿಗೆ ಹೋಗಲು ಜಾಗವೇ ಇಲ್ಲ.

ಗೋಧಿಗೆ ಎಷ್ಟು ಬಗೆಯ ಬೇರುಗಳಿವೆ? ಆಯ್ಕೆ ಯಾವುದರ ಮೇಲೆ?

ಎರಡು ಬಗೆ. ಕಾಳಿನೊಳಗಿನ ಭ್ರೂಣದಿಂದಲೇ ಹೊರಡುವ ಬೀಜಬೇರುಗಳು 3ರಿಂದ 6, ಸಾಮಾನ್ಯವಾಗಿ 5: ನಡುವೆ ಒಂದು, ಅದರ ಎರಡು ಪಕ್ಕಕ್ಕೆ ಒಂದೊಂದು ಜೊತೆ. ಆಮೇಲೆ ತೆಂಡೆ ಒಡೆಯುವಾಗ ಬುಡದ ಗೆಣ್ಣುಗಳಿಂದ ಬರುವವು ಗೆಣ್ಣುಬೇರುಗಳು. ಮಳೆಯಾಶ್ರಿತ ಹಿಂಗಾರಿಯಲ್ಲಿ ಬಿತ್ತಿದ ಎರಡು ಮೂರು ವಾರಕ್ಕೇ ಮೇಲಿನ ಎರಡಿಂಚು ಮಣ್ಣು ಒಣಗುವುದರಿಂದ ಗೆಣ್ಣುಬೇರುಗಳು ಮೊಂಡಾಗಿ ನಿಂತುಬಿಡುತ್ತವೆ. ಅಂಥ ವರ್ಷ ಬೆಳೆ ಪೂರ್ತಿ ಬೀಜಬೇರುಗಳ ಮೇಲೆಯೇ ಬದುಕುತ್ತದೆ. ತಳಿ ವಿಜ್ಞಾನಿಗಳು ಬೀಜಬೇರಿನ ಕೋನದ (ಜೊತೆ ಬೇರುಗಳು ಎಷ್ಟು ಅಗಲಿಸಿ ಹೊರಡುತ್ತವೆ ಎಂಬುದರ; ಕೋನ ಕಿರಿದಾದಷ್ಟೂ ಬೇರು ನೆಟ್ಟಗೆ ಕೆಳಗಿಳಿಯುವ ಒಲವು) ಹಿಂದೆ ಬಿದ್ದಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಅದನ್ನು ಐದೇ ದಿನದಲ್ಲಿ ಅಳೆಯಬಹುದು.

ಆಳದ ನೀರು ಸ್ವಲ್ಪವೇ ಇರುತ್ತದಲ್ಲ, ಅದಕ್ಕೇಕೆ ಇಷ್ಟು ಬೆಲೆ?

ಸಿಗುವ ಹೊತ್ತಿನಿಂದಾಗಿ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ವಿಜ್ಞಾನಿಗಳು ದಕ್ಷಿಣ ನ್ಯೂ ಸೌತ್ ವೇಲ್ಸ್‌ನಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೂ ಬಂದ ನಂತರ 1.35 ಮೀಟರಿಗಿಂತ ಕೆಳಗಿನ ಪದರದಿಂದ ಬೆಳೆ ಹೆಚ್ಚಾಗಿ ಎಳೆದುಕೊಂಡ ನೀರು ಕೇವಲ 10.5 ಮಿ.ಮೀ. ಅಷ್ಟರಿಂದ ಹೆಕ್ಟೇರಿಗೆ 620 ಕೆ.ಜಿ. ಕಾಳು ಹೆಚ್ಚಿತು. ಅಂದರೆ ಪ್ರತಿ ಮಿ.ಮೀ. ನೀರಿಗೆ 59 ಕೆ.ಜಿ. ಇಡೀ ಹಂಗಾಮಿನ ನೀರಿಗೆ ಲೆಕ್ಕ ಹಾಕಿದರೆ ಒಳ್ಳೆಯ ಬೆಳೆಯೂ ಮಿ.ಮೀ.ಗೆ 20 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುತ್ತದೆ. ಬೆಳೆಯ ಆರಂಭದಲ್ಲಿ ಕುಡಿದ ನೀರು ಎಲೆ, ಕಾಂಡಗಳಿಗೂ ಹೋಗುತ್ತದೆ, ಒಂದಷ್ಟು ಬರಿ ಮಣ್ಣಿನಿಂದಲೇ ಆವಿಯಾಗುತ್ತದೆ. ಹೂವಿನ ನಂತರ ಕುಡಿದದ್ದು ನೇರವಾಗಿ ಕಾಳಿಗೆ.

ಕ್ವೀನ್ಸ್‌ಲ್ಯಾಂಡಿನ ಎರೆ ಮಣ್ಣಿನಲ್ಲಿ ‘ಸೆರಿ ಎಂ82’ ಮತ್ತು ‘ಹಾರ್ಟಾಗ್’ ಎಂಬ ಎರಡು ತಳಿಗಳನ್ನು ಹೋಲಿಸಿದಾಗಲೂ ಇದೇ ಕಂಡಿತು. ಸೆರಿಯ ಬೇರು ಹೆಚ್ಚು ಅಗಲಕ್ಕೆ ಹೋಗದೆ ಕೆಳಗಿನ ಪದರಗಳಲ್ಲಿ ಒತ್ತಾಗಿತ್ತು. ಕಾಳು ತುಂಬುವಾಗ ಹೆಚ್ಚಾಗಿ ಸಿಕ್ಕ ಪ್ರತಿ ಮಿ.ಮೀ. ನೀರಿಗೆ ಸುಮಾರು 55 ಕೆ.ಜಿ. ಲಾಭ ಎಂದು ಮಾದರಿ ಲೆಕ್ಕ ತೋರಿಸಿತು. ಈ ಹೋಲಿಕೆ ನಮಗೆ ಮುಖ್ಯ, ಏಕೆಂದರೆ ಅಲ್ಲಿನ ಮಣ್ಣಿನ ಜಾತಿ ಮತ್ತು ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡದ ಎರೆಯ ಜಾತಿ ಒಂದೇ: ಊದಿಕೊಳ್ಳುವ, ಬಿರುಕು ಬಿಡುವ ಜೇಡಿ. ಅಲ್ಲಿಯೂ ಬೇಸಿಗೆ ಮಳೆಯನ್ನು ಮಣ್ಣಿನಲ್ಲಿ ಕೂಡಿಟ್ಟುಕೊಂಡು ಚಳಿಗಾಲದಲ್ಲಿ ಗೋಧಿ ಬೆಳೆಯುತ್ತಾರೆ.

ಬೇರು ಆಳಕ್ಕೆ ಹೋಗದೆಯೂ ನೀರು ಉಳಿಸಲು ದಾರಿಯಿದೆಯೇ?

ಇದೆ, ಆದರೆ ಜನ ಅದನ್ನು ಮರೆತಂತಿದೆ. ಆಸ್ಟ್ರೇಲಿಯಾದ ರಿಚರ್ಡ್ಸ್ ಮತ್ತು ಪಾಸಿಯೂರಾ ಬೀಜಬೇರಿನ ಒಳಗಿನ ನೀರು ಕೊಳವೆಯ ವ್ಯಾಸವನ್ನೇ ಆಯ್ಕೆಯ ಗುಣ ಮಾಡಿಕೊಂಡರು: ಸುಮಾರು 65 ಮೈಕ್ರಾನ್ ಇದ್ದದ್ದನ್ನು 55ಕ್ಕಿಂತ ಕೆಳಗೆ ಇಳಿಸಿದರು. ಕೊಳವೆ ಕಿರಿದಾದರೆ ಗಿಡ ಮೊದಲ ತಿಂಗಳುಗಳಲ್ಲಿ ನೀರನ್ನು ನಿಧಾನವಾಗಿ ಎಳೆದು ಕೊನೆಗೆ ಉಳಿಸುತ್ತದೆ. 1989ರ ಅವರ ವರದಿಯಲ್ಲಿ ಒಣ ಹೊಲಗಳಲ್ಲಿ ಶೇ. 3ರಿಂದ 11ರಷ್ಟು ಇಳುವರಿ ಹೆಚ್ಚಿತ್ತು, ಮಳೆ ಚೆನ್ನಾದ ಕಡೆ ನಷ್ಟವೇನೂ ಕಾಣಲಿಲ್ಲ. ತೊಡಕು ಒಂದೇ: ಪ್ರತಿ ಗಿಡದ ಬೇರನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಅಳೆಯಬೇಕು. ಕೈತುಂಬ ಕೆಲಸ.

ಗಿಡ್ಡ ತಳಿಗಳು ಬಂದ ಮೇಲೆ ಬೇರೂ ಗಿಡ್ಡವಾಯಿತು ಅನ್ನುತ್ತಾರೆ. ನಿಜವೇ?

ಅರ್ಧ ನಿಜ. ಜಪಾನಿನ ‘ನೊರಿನ್ 10’ ತಳಿಯಿಂದ ಬಂದ ಗಿಡ್ಡ ಜೀನುಗಳು ಮೊಳಕೆ ಕವಚವನ್ನು, ಅಂದರೆ ಮೊದಲ ಎಲೆಯನ್ನು ಮಣ್ಣಿನಿಂದ ಹೊರಗೆ ತರುವ ಕೊಳವೆಯನ್ನು, ಮೋಟು ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಬೇರಿನ ವಿಷಯದಲ್ಲಿ ಫಲಿತಾಂಶಗಳು ಪ್ರಯೋಗದಿಂದ ಪ್ರಯೋಗಕ್ಕೆ ಬೇರೆ. ಕ್ಯಾಲಿಫೋರ್ನಿಯಾದ ವೇನ್ಸ್ ಮತ್ತು ಎಹ್‌ದಾಯಿ ಹಳೆಯ ನಾಟಿ ಗೋಧಿಗಳನ್ನೂ ಹಸಿರು ಕ್ರಾಂತಿಯ ತಳಿಗಳನ್ನೂ ಹೋಲಿಸಿ, ಹೊಸದರ ಬೇರಿನ ತೂಕ ಕಡಿಮೆ ಎಂದು 2007ರಲ್ಲಿ ಬರೆದರು. ಬೇರೆಡೆ ಗಿಡ್ಡ ಜೀನಿದ್ದೂ ಬೇರಿನ ಆಳ ಕುಗ್ಗದ ಉದಾಹರಣೆಗಳಿವೆ. ಬೇರಿನ ನಷ್ಟಕ್ಕೆ ಗಿಡ್ಡ ಜೀನನ್ನೊಂದೇ ದೂರುವುದಕ್ಕಿಂತ, ನೀರಾವರಿ ಹೊಲದಲ್ಲಿ ಆಯ್ಕೆ ಮಾಡಿದ್ದನ್ನು ದೂರುವುದು ಹೆಚ್ಚು ನ್ಯಾಯ.

ಮೊಳಕೆಯಲ್ಲಿ ಬೇರಿನ ಕೋನ ಅಳೆಯುವುದು ಹೇಗೆ?

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಾರದರ್ಶಕ ಕುಂಡದ ವಿಧಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದು.

ನಾಲ್ಕು ಲೀಟರ್ ಹಿಡಿಯುವ, ಗೋಡೆ ಸ್ವಚ್ಛವಾಗಿ ಕಾಣುವ ಪ್ಲಾಸ್ಟಿಕ್ ಕುಂಡ ತೆಗೆದುಕೊಳ್ಳಿ. ತಳಕ್ಕೆ ತೂತು ಬೇಕು. ಕಪ್ಪಾದ, ಸಣ್ಣಗೆ ಜರಡಿ ಹಿಡಿದ ಕೊಳೆತ ಗೊಬ್ಬರ ಮಿಶ್ರಣ ತುಂಬಿ, ನೀರುಣಿಸಿ, ಹೆಚ್ಚಿನದು ಬಸಿದುಹೋಗಲು ಬಿಡಿ. ಗೋಡೆಗೆ ತಾಗಿಸಿ ಸುತ್ತಲೂ 24 ಕಾಳುಗಳನ್ನು 2 ಸೆಂ.ಮೀ. ಆಳಕ್ಕೆ ಒಂದೊಂದಾಗಿ ಚಿಮುಟದಿಂದ ಇಡಿ. ಕಾಳಿನ ಭ್ರೂಣದ ತುದಿ ಕೆಳಗೆ, ಭ್ರೂಣದ ಮುಖ ಗೋಡೆಯ ಕಡೆ, ಹೊಟ್ಟೆಯ ಸೀಳುಗೆರೆ ಒಳಗಡೆಗೆ. ಆಮೇಲೆ ಈ ಕುಂಡವನ್ನು ಅದೇ ಅಳತೆಯ ಕಪ್ಪು ಕುಂಡದೊಳಗೆ ಇಳಿಸಿ. 20 ಡಿಗ್ರಿ ಆಸುಪಾಸಿನಲ್ಲಿ ಇಡಿ, ಮತ್ತೆ ನೀರು ಹಾಕಬೇಡಿ. ಐದನೇ ದಿನ ಹೊರತೆಗೆದು, ಪ್ರತಿ ಮೊಳಕೆಗೆ ಎದುರಾಗಿ ಕ್ಯಾಮೆರಾ ಹಿಡಿದು ಚಿತ್ರ ತೆಗೆಯಿರಿ. ಮೊದಲ ಜೊತೆ ಪಕ್ಕಬೇರುಗಳ ನಡುವಿನ ಕೋನವನ್ನು ಚಿತ್ರದ ಮೇಲೆ ಅಳೆಯಬಹುದು. ‘ಇಮೇಜ್‌ಜೆ’ ಎಂಬ ಉಚಿತ ತಂತ್ರಾಂಶ ಸಾಕು. ಬೇರುಗಳ ಸಂಖ್ಯೆ ಎಣಿಸಬೇಕಿದ್ದರೆ ಹತ್ತನೇ ದಿನದವರೆಗೆ ಕಾಯಿರಿ.

ಇದರಲ್ಲಿ ಎಡವುವುದು ಎಲ್ಲಿ?

ಬಹಳ ಕಡೆ, ಮತ್ತು ಹೆಚ್ಚಾಗಿ ಚಿಕ್ಕ ಸಂಗತಿಗಳಲ್ಲಿ.

ಕಾಳು ವಾಲಿದ್ದರೆ ಬೇರುಗಳು ಗೋಡೆಯಿಂದ ದೂರ ಸರಿದು ಒಂದು ಮಾತ್ರ ಕಾಣುತ್ತದೆ. ಅಂಥದ್ದನ್ನು ಅಂದಾಜಿನಲ್ಲಿ ಅಳೆಯದೆ ಕೈಬಿಡಿ. ಹೊರಗಿನ ಕಪ್ಪು ಕುಂಡ ಸಡಿಲವಿದ್ದು ಬೆಳಕು ನುಗ್ಗಿದರೆ ಬೇರು ಬೆಳಕಿನಿಂದ ತಪ್ಪಿಸಿಕೊಳ್ಳಲು ಒಳಗೆ ಬಾಗುತ್ತದೆ, ಅಳತೆಯೆಲ್ಲ ಕೆಡುತ್ತದೆ. ತೀರ ಒದ್ದೆ ಮಿಶ್ರಣದಲ್ಲಿ ಬೇರು ಮೇಲೆಯೇ ಉಳಿಯುತ್ತದೆ. ಕಾಳಿನ ಗಾತ್ರ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು: ದಪ್ಪ ಕಾಳಿಗೆ ಬೀಜಬೇರು ಹೆಚ್ಚು, ಬೆಳವಣಿಗೆ ಚುರುಕು. ಒಂದು ತಳಿಯ ಬೀಜ ನೀರಾವರಿ ಹೊಲದ್ದು, ಇನ್ನೊಂದರದ್ದು ಒಣಭೂಮಿಯದ್ದು ಆದರೆ ನೀವು ಅಳೆಯುತ್ತಿರುವುದು ತಳಿಯನ್ನಲ್ಲ, ಹೋದ ವರ್ಷದ ಹೊಲವನ್ನು. ಎಲ್ಲ ತಳಿಗಳ ಬೀಜ ಒಂದೇ ಹೊಲ, ಒಂದೇ ಹಂಗಾಮಿನದಾಗಿರಲಿ. ಜರಡಿಯಲ್ಲಿ ಒಂದೇ ಗಾತ್ರಕ್ಕೆ ತನ್ನಿ. ಒಂದು ತಳಿಯ 24 ಕಾಳನ್ನೂ ಒಂದೇ ಕುಂಡಕ್ಕೆ ಹಾಕಬೇಡಿ. ಕುಂಡ ಕುಂಡಕ್ಕೆ ವ್ಯತ್ಯಾಸ ಇರುತ್ತದೆ, ಆದ್ದರಿಂದ ತಳಿಗಳನ್ನು ಚದುರಿಸಿ, ಪ್ರತಿ ಕುಂಡದಲ್ಲೂ ಕೋನ ಗೊತ್ತಿರುವ ಒಂದು ತಳಿಯನ್ನು ಹೋಲಿಕೆಗೆ ಇಡಿ.

ಬೇರೆಯವರ ಅಂಕಿಗಳನ್ನು ಓದುವಾಗಲೂ ಎಚ್ಚರ. ಕೆಲವರು ಜೊತೆ ಬೇರುಗಳ ನಡುವಿನ ಪೂರ್ತಿ ಕೋನ ಬರೆಯುತ್ತಾರೆ, ಕೆಲವರು ನೆಟ್ಟಗಿನ ಗೆರೆಯಿಂದ ಒಂದು ಬೇರಿಗೆ ಇರುವ ಕೋನವನ್ನು. ಒಂದೇ ಗಿಡ ಒಬ್ಬರ ಪಟ್ಟಿಯಲ್ಲಿ 90, ಇನ್ನೊಬ್ಬರದ್ದರಲ್ಲಿ 45.

ಕುಂಡದಲ್ಲಿ ಕಂಡದ್ದು ಹೊಲದಲ್ಲೂ ಕಾಣುತ್ತದೆಯೇ?

ಯಾವಾಗಲೂ ಇಲ್ಲ. ಕಿರುಕೋನ ಇದ್ದ ಮಾತ್ರಕ್ಕೆ ಬೇರು ಆಳಕ್ಕೆ ಹೋಗಿಯೇ ತೀರುತ್ತದೆ ಎಂದು ನಂಬಿ ಹೊಲ ನೋಡದೆ ಮುಂದುವರಿಯುವುದು ಈ ಕೆಲಸದ ದೊಡ್ಡ ಬಲೆ. ಕೋನವನ್ನು ಜರಡಿಯಂತೆ ಬಳಸಿ, ತೀರ್ಪಿನಂತೆ ಬೇಡ.

ಹೊಲದ ಅಳತೆಗೆ ಟ್ರ್ಯಾಕ್ಟರಿಗೆ ಕಟ್ಟಿದ ಹೈಡ್ರಾಲಿಕ್ ಯಂತ್ರದಿಂದ ಸುಮಾರು 4 ಸೆಂ.ಮೀ. ವ್ಯಾಸದ ಉಕ್ಕಿನ ಕೊಳವೆಯನ್ನು ಒಂದೂವರೆ ಎರಡು ಮೀಟರ್ ಆಳಕ್ಕೆ ಇಳಿಸಿ ಮಣ್ಣಿನ ಕಂಬ ಎಳೆಯುತ್ತಾರೆ. ಅದನ್ನು ಪ್ರತಿ 10 ಸೆಂ.ಮೀ.ಗೆ ಕೈಯಿಂದ ಮುರಿದು, ಮುರಿದ ಎರಡೂ ಮುಖಗಳಲ್ಲಿ ಚಾಚಿಕೊಂಡ ಬೇರಿನ ತುದಿಗಳನ್ನು ಎಣಿಸುತ್ತಾರೆ. ತೊಳೆದು ಅಳೆಯುವುದಕ್ಕಿಂತ ಇದು ಎಷ್ಟೋ ಬೇಗ. ಹೂವಿನ ಹೊತ್ತಿಗೆ ಮಾಡಬೇಕು. ಬೇರು ಆ ವೇಳೆಗೆ ಹೆಚ್ಚುಕಡಿಮೆ ಪೂರ್ತಿ ಆಳ ತಲುಪಿರುತ್ತದೆ. ಎರೆ ಮಣ್ಣಿನಲ್ಲಿ ತಡಮಾಡಿದರೆ ಕೊಳವೆ ಇಳಿಯುವುದಿಲ್ಲ, ಇಳಿದರೂ ಬಿರುಕಿಗೆ ಸಿಕ್ಕಿ ಕಂಬ ಪುಡಿಯಾಗುತ್ತದೆ. ಬಿರುಕಿನ ಗೋಡೆಗಳಲ್ಲಿ ಬೇರು ಗೊಂಚಲಾಗಿ ಸೇರಿರುವುದರಿಂದ ಒಂದು ಕಂಬದಲ್ಲಿ ಮೂವತ್ತು, ಪಕ್ಕದ್ದರಲ್ಲಿ ಎರಡು ಸಿಗಬಹುದು. ತಾಕಿಗೆ ಒಂದೇ ಕಂಬ ತೆಗೆದರೆ ಏನೂ ಹೇಳಲಾಗದು. ಹಿಂದಿನ ಬೆಳೆಯ ಸತ್ತ ಬೇರನ್ನು ಎಣಿಸುವುದು ಇನ್ನೊಂದು ತಪ್ಪು. ಜೀವಂತ ಬೇರು ಬಿಳಿಯಾಗಿದ್ದು ಎಳೆದರೆ ತುಸು ಹಿಗ್ಗುತ್ತದೆ, ಸತ್ತದ್ದು ಕಂದು ಬಣ್ಣವಾಗಿ ಪಟ್ಟನೆ ತುಂಡಾಗುತ್ತದೆ.

ಅಗೆಯದೆ ತಿಳಿಯಲು ಆಗುವುದಿಲ್ಲವೇ?

ಬೆಳೆಯ ಮೈ ಬಿಸಿಯನ್ನು ಅಳೆದು ಊಹಿಸಬಹುದು. ಕೆಳಗಿನ ನೀರು ಸಿಗುತ್ತಿರುವ ಗಿಡದ ಎಲೆ ಮಧ್ಯಾಹ್ನ ಒಂದೆರಡು ಡಿಗ್ರಿ ತಣ್ಣಗಿರುತ್ತದೆ. ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಕೇಂದ್ರ ‘ಸಿಮಿಟ್’ನಲ್ಲಿ ಹೀಗೆ ತಣ್ಣಗಿನ ಸಾಲುಗಳನ್ನು ಆರಿಸಿ ಅಗೆದು ನೋಡಿದಾಗ, ಬರದಲ್ಲಿ ಅವುಗಳ ಬೇರು ಆಳದಲ್ಲಿ ಹೆಚ್ಚಿತ್ತು.

ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಮೋಡವಿಲ್ಲದ, ಗಾಳಿ ಕಡಿಮೆ ಇರುವ ದಿನ, 12ರಿಂದ 2 ಗಂಟೆಯೊಳಗೆ, ಬಿಸಿಲಿಗೆ ಬೆನ್ನು ಮಾಡಿ ನಿಂತು, ಓರೆಯಾಗಿ ಎಲೆಗಳ ಮೇಲೆ ಗುರಿಯಿಡಿ. ನಡುವೆ ಮಣ್ಣು ಕಂಡರೆ ಅಳತೆ ಹೆಚ್ಚು ತೋರುತ್ತದೆ, ಆದ್ದರಿಂದ ಸಾಲು ಮುಚ್ಚಿಕೊಂಡ ಮೇಲೆಯೇ ಶುರುಮಾಡಿ. ಎಲ್ಲ ತಾಕುಗಳನ್ನೂ ಒಂದು ಗಂಟೆಯೊಳಗೆ ಮುಗಿಸಿ, ಬೇರೆ ದಿನ ಮತ್ತೆ ಅಳೆಯಿರಿ. ಎತ್ತರದ ಗಿಡ ಗಾಳಿಗೆ ಸಿಕ್ಕಿ ತಣ್ಣಗೆ ತೋರುತ್ತದೆ. ಬೇಗ ಹಣ್ಣಾದದ್ದು ಬಿಸಿಯಾಗಿ ತೋರುತ್ತದೆ. ಎತ್ತರ ಮತ್ತು ಹೂವಿನ ದಿನ ಹತ್ತಿರವಿರುವ ಸಾಲುಗಳನ್ನು ಮಾತ್ರ ಹೋಲಿಸಿ.

ಬೇರಿಗೆ ಸಂಬಂಧಿಸಿದ ಜೀನುಗಳು ಸಿಕ್ಕಿವೆಯೇ?

ಕೆಲವು. ಭತ್ತದಲ್ಲಿ ದಾರಿ ಸಲೀಸಾಯಿತು: ಮೇಲ್ಮಟ್ಟದಲ್ಲಿ ಬೇರು ಹರಡುವ ‘ಐಆರ್ 64’ಕ್ಕೆ ಫಿಲಿಪ್ಪೀನ್ಸ್‌ನ ‘ಕಿನಾಂಡಂಗ್ ಪಾಟಾಂಗ್’ ತಳಿಯ ಡಿಆರ್‌ಒ1 ಜೀನ್ ಸೇರಿಸಿದಾಗ ಬೇರು ಕೆಳಮುಖವಾಯಿತು, ಬರದಲ್ಲಿ ಇಳುವರಿ ಉಳಿಯಿತು, 2013ರಲ್ಲಿ ಜಪಾನಿನ ತಂಡ ಇದನ್ನು ಪ್ರಕಟಿಸಿತು. ಗೋಧಿಯಲ್ಲಿ ಒಂದೇ ಜೀನಿನಿಂದ ಅಷ್ಟು ಲಾಭ ಇನ್ನೂ ರೈತರ ಹೊಲಕ್ಕೆ ಬಂದಿಲ್ಲ. ಬ್ರೆಡ್ ಗೋಧಿಗೆ, ಅಂದರೆ ಚಪಾತಿಗೆ ಬಳಸುವ ಸಾಮಾನ್ಯ ಗೋಧಿಗೆ, ಮೂರು ಪೂರ್ವಜರ ಕ್ರೋಮೋಸೋಮು ಗುಂಪು, ಒಟ್ಟು 42. ಒಂದೊಂದು ಜೀನಿಗೂ ಸಾಮಾನ್ಯವಾಗಿ ಮೂರು ಪ್ರತಿ. ಒಂದನ್ನು ಬದಲಿಸಿದರೆ ಉಳಿದೆರಡು ಆ ಕೊರತೆ ತುಂಬಿಬಿಡುತ್ತವೆ.

ಹಾಗಿದ್ದೂ ಸಿಕ್ಕಿರುವವು ಕುತೂಹಲಕರ. ಗೋಧಿ ಯಾವಾಗ ಹೂ ಬಿಡಬೇಕೆಂದು ನಿಯಂತ್ರಿಸುವ ವಿಆರ್‌ಎನ್1 ಜೀನೇ ಬೇರಿನ ಕೋನದ ಮೇಲೂ ಕೈಯಾಡಿಸುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಇದು ತಳಿಗಾರನಿಗೆ ತಲೆನೋವೂ ಹೌದು: ಬೇರಿಗೆಂದು ಆರಿಸಲು ಹೋಗಿ ಹೂವಿನ ದಿನ ಹಿಂದೆ ಮುಂದೆ ಆಗಬಹುದು. ಬಾರ್ಲಿಯಲ್ಲಿ ಸಿಕ್ಕ ಇಜಿಟಿ2 ಎಂಬ ಜೀನು ಕೆಟ್ಟರೆ ಬೇರು ಕಡಿದಾಗಿ ಕೆಳಗಿಳಿಯುತ್ತದೆ, ಗೋಧಿಯಲ್ಲೂ ಹಾಗೆಯೇ ಎಂದು 2021ರಲ್ಲಿ ತೋರಿಸಲಾಯಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 2023ರಲ್ಲಿ ಪ್ರಕಟವಾದ ಕೆಲಸದಲ್ಲಿ ಒಪಿಆರ್ ಎಂಬ ಜೀನು ಕುಟುಂಬದ ಪ್ರತಿಗಳು ಹೆಚ್ಚಾದರೆ ಬೇರು ಮೋಟಾಗುತ್ತದೆ, ಕಡಿಮೆಯಾದರೆ ಉದ್ದವಾಗುತ್ತದೆ ಎಂದು ಕಂಡಿತು. ರವೆ, ಶಾವಿಗೆಗೆ ಬಳಸುವ ಗಟ್ಟಿ ಕಾಳಿನ ಡ್ಯೂರಂ ಗೋಧಿಯ ಆರನೇ ‘ಎ’ ಕ್ರೋಮೋಸೋಮಿನಲ್ಲಿ ಕೋನದ ಮೇಲೆ ದೊಡ್ಡ ಪ್ರಭಾವ ಬೀರುವ ಒಂದು ಜಾಗವೂ ಗುರುತಾಗಿದೆ.

ಒಳ್ಳೆಯ ಬೇರಿನ ಗುಣ ತರುವುದು ಎಲ್ಲಿಂದ?

ಒಂದು ಮೂಲ ರೈ ಧಾನ್ಯ. ಅದರ ಒಂದನೇ ಕ್ರೋಮೋಸೋಮಿನ ಗಿಡ್ಡ ತೋಳು ಗೋಧಿಯ 1ಬಿ ಕ್ರೋಮೋಸೋಮಿಗೆ ಅಂಟಿಕೊಂಡ ತಳಿಗಳು ಜಗತ್ತಿನೆಲ್ಲೆಡೆ ಹಬ್ಬಿವೆ. ಪಂಜಾಬಿನ ‘ಪಿಬಿಡಬ್ಲ್ಯು 343’ ಅಂಥದ್ದು. ಈ ತುಣುಕು ಬಂದದ್ದು ರೋಗ ತಡೆಗೆಂದು, ಬೇರಿನ ತೂಕ ಹೆಚ್ಚಿಸಿದ್ದು ಬೋನಸ್. ಹಿಟ್ಟು ಅಂಟಂಟಾಗುವುದು ಅದರ ಜೊತೆಗೇ ಬರುವ ಕಾಟ.

ಇನ್ನೊಂದು ಮೂಲ ಹಳೆಯ ನಾಟಿ ತಳಿಗಳು. ಬ್ರಿಟನ್ನಿನ ಎ. ಇ. ವಾಟ್ಕಿನ್ಸ್ 1920–30ರ ದಶಕಗಳಲ್ಲಿ 32 ದೇಶಗಳಿಂದ, ಭಾರತವೂ ಸೇರಿ, ತರಿಸಿಟ್ಟ 827 ನಾಟಿ ಗೋಧಿಗಳ ಪೂರ್ತಿ ಜೀನು ಓದು 2024ರಲ್ಲಿ ಪ್ರಕಟವಾಗಿದೆ. ಅದರಲ್ಲಿರುವ ವೈವಿಧ್ಯದ ದೊಡ್ಡ ಭಾಗವನ್ನು ಆಧುನಿಕ ತಳಿಗಳು ಮುಟ್ಟಿಯೇ ಇಲ್ಲ.

ಹೊಟ್ಟು ಕಾಳಿಗೆ ಅಂಟಿಕೊಂಡೇ ಇರುವ ನಮ್ಮ ಕಡೆಯ ಜವೆ ಗೋಧಿಯನ್ನು ಇಲ್ಲಿ ನೆನೆಯಬೇಕು. ಜವೆಗೂ ಡ್ಯೂರಂಗೂ ಕ್ರೋಮೋಸೋಮು 28, ಆದ್ದರಿಂದ ಎರಡನ್ನೂ ದಾಟಿಸುವುದು, ಅಂದರೆ ಸಂಕರ ಮಾಡುವುದು, ಸುಲಭ. ಆದರೆ ಮೊಮ್ಮಕ್ಕಳ ಪೀಳಿಗೆಯಲ್ಲಿ ಹೊಟ್ಟು ಬಿಡದ ಕಾಳಿನ ಗಿಡಗಳು ಧಾರಾಳವಾಗಿ ಬರುತ್ತವೆ. ಡ್ಯೂರಂ ಬೇಕಿದ್ದವರು ಅವನ್ನು ಎಸೆಯುತ್ತ ಹೋಗಬೇಕು. ಬ್ರೆಡ್ ಗೋಧಿಗೆ ದಾಟಿಸಿದರೆ 35 ಕ್ರೋಮೋಸೋಮಿನ ಮಿಶ್ರ ಗಿಡ ಬರುತ್ತದೆ, ಕಾಳು ಕಟ್ಟುವುದೇ ಕಷ್ಟ; ಬ್ರೆಡ್ ಗೋಧಿಯ ಕಡೆಗೇ ಒಂದೆರಡು ಬಾರಿ ಮರುದಾಟಿಸಿ ಸ್ಥಿರಗೊಳಿಸಬೇಕು.

ನೀರು ಹುಡುಕುವುದಷ್ಟೇ ಬೇರಿನ ಕೆಲಸವಲ್ಲ. ಜಪಾನಿನ ಕೃಷಿ ಸಂಶೋಧನಾ ಸಂಸ್ಥೆ ‘ಜಿರ್ಕಾಸ್’ ಮತ್ತು ಸಿಮಿಟ್ ವಿಜ್ಞಾನಿಗಳು ಲೈಮಸ್ ಎಂಬ ಕಾಡು ಹುಲ್ಲಿನ ಕ್ರೋಮೋಸೋಮು ತೋಳೊಂದನ್ನು ಗೋಧಿಗೆ ತಂದರು. ಅದರ ಬೇರು ಸೂಸುವ ರಸ ಯೂರಿಯಾದ ಸಾರಜನಕ ನೈಟ್ರೇಟಾಗಿ ಸೋರಿಹೋಗುವುದನ್ನು ನಿಧಾನಿಸುತ್ತದೆ. ಸವಳು ಮಣ್ಣಿಗೂ ಉದಾಹರಣೆಯಿದೆ: ಸೋಡಿಯಂ ಎಲೆಗೆ ಏರದಂತೆ ಬೇರಿನಲ್ಲೇ ತಡೆಯುವ ಜೀನನ್ನು ಒಂದು ಪ್ರಾಚೀನ ಗೋಧಿಯಿಂದ ಡ್ಯೂರಂಗೆ ಸೇರಿಸಿದಾಗ ಆಸ್ಟ್ರೇಲಿಯಾದ ಸವಳು ಹೊಲದಲ್ಲಿ ಇಳುವರಿ ಶೇ. 25ರಷ್ಟು ಹೆಚ್ಚಿತು.

ದಾಟಿಸಿದಲ್ಲಿಂದ ರೈತನ ಕೈಗೆ ಬೀಜ ಬರಲು ಎಷ್ಟು ವರ್ಷ?

ಹತ್ತರ ಆಸುಪಾಸು. ದಾಟಿಸುವುದು, ಆರೇಳು ಪೀಳಿಗೆ ಸ್ಥಿರವಾಗುವುದು, ಕೇಂದ್ರದೊಳಗಿನ ಪರೀಕ್ಷೆ, ಆಮೇಲೆ ಅಖಿಲ ಭಾರತ ಸಮನ್ವಯ ಯೋಜನೆಯಡಿ ಸಾಮಾನ್ಯವಾಗಿ ಮೂರು ವರ್ಷ ಹಲವು ಊರುಗಳಲ್ಲಿ ಪರೀಕ್ಷೆ, ಕೊನೆಗೆ ಬಿಡುಗಡೆ ಮತ್ತು ಬೀಜೋತ್ಪಾದನೆ. ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ವರ್ಷಕ್ಕೆ ಆರು ಪೀಳಿಗೆ ತೆಗೆಯುವ ವೇಗದ ವಿಧಾನದಿಂದ ಮೊದಲ ಭಾಗ ಒಂದೂವರೆ ವರ್ಷಕ್ಕೆ ಇಳಿಯುತ್ತದೆ. ಹೊಲದ ಪರೀಕ್ಷೆಯನ್ನು ಅವಸರಿಸಲು ಬರುವುದಿಲ್ಲ. ಬೇರಿನ ಕೋನವನ್ನು ಎರಡನೇ ಪೀಳಿಗೆಯಲ್ಲೇ ಜರಡಿ ಹಿಡಿದು ಅಗಲ ಕೋನದವನ್ನು ಬಿಟ್ಟುಬಿಟ್ಟರೆ ಮುಂದಿನ ಖರ್ಚು ಉಳಿಯುತ್ತದೆ.

ನನ್ನ ಹೊಲಕ್ಕೆ ಆಳ ಬೇರಿನ ತಳಿ ಬೇಕೋ ಬೇಡವೋ ತಿಳಿಯುವುದು ಹೇಗೆ?

ಕೊಯ್ಲಿನ ದಿನ ಮಣ್ಣು ನೋಡಿ. ಗೋಧಿ ಕೊಯ್ದ ಜಾಗದಲ್ಲಿ 30, 60, 90, 120 ಸೆಂ.ಮೀ. ಆಳದಿಂದ ಮಣ್ಣು ತೆಗೆದು ಬಿಗಿ ಡಬ್ಬಿಗೆ ಹಾಕಿ ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಓವನ್ ಇದಕ್ಕೆ ಆದೀತು. ಪಕ್ಕದಲ್ಲಿ ಬಿತ್ತದೆ ಪಾಳು ಬಿಟ್ಟ ಜಾಗದಿಂದಲೂ ಅದೇ ಆಳಗಳಲ್ಲಿ ತೆಗೆಯಿರಿ. 90ರಲ್ಲಿ ಬೆಳೆಯ ಮಣ್ಣೂ ಪಾಳು ಮಣ್ಣೂ ಒಂದೇ ತೇವದಲ್ಲಿದ್ದರೆ ನಿಮ್ಮ ಬೇರು ಅಲ್ಲಿಗೆ ಹೋಗಿಲ್ಲ ಅಥವಾ ನೀರೆಳೆದಿಲ್ಲ; ಆಳ ಬೇರಿನಿಂದ ಗಳಿಸಲು ನಿಮಗೆ ಅವಕಾಶವಿದೆ. 120ರವರೆಗೂ ಬೆಳೆಯ ಮಣ್ಣು ಒಣಗಿದ್ದರೆ ಇರುವ ತಳಿ ತನ್ನ ಕೆಲಸ ಮುಗಿಸಿದೆ, ಇನ್ನು ಮಳೆನೀರು ಇಂಗಿಸುವುದರ ಕಡೆ ಗಮನ ಕೊಡಿ.

ಕೈಗೆ ಹಸಿ ತಾಗಿತು ಎಂದು ತೀರ್ಮಾನಿಸಬೇಡಿ. ಎರೆ ಮಣ್ಣು ತೂಕದಲ್ಲಿ ಶೇ. 20ಕ್ಕಿಂತ ಹೆಚ್ಚು ನೀರು ಹಿಡಿದಿದ್ದೂ ಗಿಡಕ್ಕೆ ಒಂದು ಹನಿಯನ್ನೂ ಬಿಡದಿರಬಹುದು. ಪಾಳು ಜಾಗದ ಹೋಲಿಕೆ ಬೇಕಾಗುವುದು ಅದಕ್ಕೇ.

ಆಳ ಬೇರಿನದೆಂದು ಕೊಟ್ಟ ತಳಿ ಬಿತ್ತಿದರೂ ಇಳುವರಿ ಬರಲಿಲ್ಲ. ಏಕೆ?

ಹೂ ಬಿಡುವ ಹೊತ್ತಿಗೆ ಸಾಲಿನ ಪಕ್ಕ ಒಂದು ಮೀಟರ್ ಆಳದ ಗುಂಡಿ ತೋಡಿ, ಗೋಡೆಯನ್ನು ಚಾಕುವಿನಿಂದ ಕೆರೆದು ನೀರು ಚಿಮುಕಿಸಿ ನೋಡಿ. ಅರ್ಧ ಅಡಿ, ಮುಕ್ಕಾಲು ಅಡಿಯಲ್ಲಿ ಬೇರುಗಳು ಥಟ್ಟನೆ ಅಡ್ಡಕ್ಕೆ ತಿರುಗಿದ್ದರೆ ಅಲ್ಲೊಂದು ಗಟ್ಟಿ ಪದರವಿದೆ. ಟ್ರ್ಯಾಕ್ಟರ್ ಒಂದೇ ಆಳಕ್ಕೆ ವರ್ಷವರ್ಷ ಉತ್ತದ್ದರ ಫಲ. ಅದನ್ನು ಸೀಳಬೇಕಾದದ್ದು ಮಣ್ಣು ಒಣಗಿದ್ದಾಗ, ಒದ್ದೆಯಲ್ಲಿ ಸೀಳಿದರೆ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಬೇರು ಚೆನ್ನಾಗಿಯೇ ಇಳಿದು ಎರಡು ಅಡಿಗೆ ಕಂದಾಗಿ ನಿಂತಿದ್ದರೆ ಕೆಳಗೆ ಸವಳು ಅಥವಾ ಕ್ಷಾರದ ಪದರ ಇರಬಹುದು, ಆ ಆಳದ ಮಣ್ಣನ್ನೇ ಪರೀಕ್ಷೆಗೆ ಕಳಿಸಿ. ಮೇಲ್ಮಣ್ಣಿನ ಪರೀಕ್ಷೆ ಇದನ್ನು ತೋರಿಸುವುದಿಲ್ಲ.

ಸಮಯವೂ ಒಂದು ಕಾರಣ. ಬೇರು ಹೂವಿನವರೆಗೆ ದಿನಕ್ಕೆ ಸುಮಾರು 1ರಿಂದ 1.5 ಸೆಂ.ಮೀ. ಇಳಿಯುತ್ತದೆ. 60 ದಿನಕ್ಕೆ ಹೂ ಬಿಟ್ಟರೆ 60–90 ಸೆಂ.ಮೀ.; ಬಿಸಿಯಿಂದ ಅದೇ ತಳಿ 50 ದಿನಕ್ಕೆ ಹೂ ಬಿಟ್ಟರೆ ಆಳವೂ ಅಷ್ಟು ಕಡಿಮೆ. ಬಿತ್ತನೆ ತಡವಾದಷ್ಟೂ ಬೇರಿಗೆ ಸಿಗುವ ದಿನ ಕಡಿಮೆ. ಇನ್ನು, ಮಳೆಗಾಲದಲ್ಲಿ ನೆಲ ಪೂರ್ತಿ ನೆನೆಯದ ವರ್ಷ ಕೆಳಗೆ ನೀರೇ ಇರುವುದಿಲ್ಲ, ಒಣಮಣ್ಣನ್ನು ದಾಟಿ ಯಾವ ತಳಿಯ ಬೇರೂ ಹೋಗದು.

ಆಳಕ್ಕೆ ಬಿತ್ತಿದರೆ ಬೇರೂ ಆಳಕ್ಕೆ ಹೋಗುತ್ತದೆಯೇ?

ಇಲ್ಲ, ಆದರೆ ಹಸಿ ಇರುವಲ್ಲಿ ಮೊಳಕೆ ಶುರುವಾಗುತ್ತದೆ ಎನ್ನುವುದೇ ದೊಡ್ಡ ಲಾಭ. ಗಿಡ್ಡ ತಳಿಗಳ ಮೊಳಕೆ ಕವಚ ಮೋಟು, ಬಿಸಿ ಮಣ್ಣಿನಲ್ಲಿ ಇನ್ನೂ ಮೋಟಾಗುತ್ತದೆ. ಕೂರಿಗೆ ಬೀಜವನ್ನು ಅದಕ್ಕಿಂತ ಆಳಕ್ಕೆ ಬಿಟ್ಟರೆ ಎಲೆ ಮಣ್ಣೊಳಗೇ ಮಡಿಚಿಕೊಂಡು ಸಾಯುತ್ತದೆ. ನಿಮ್ಮ ಬೀಜದ್ದು ಎಷ್ಟುದ್ದ ಎಂದು ನೋಡಲು: ದಪ್ಪ ಮೊಳಕೆ ಕಾಗದದ ಮೇಲೆ ಒಂದು ಸಾಲಿನಲ್ಲಿ 20 ಕಾಳಿಟ್ಟು, ಭ್ರೂಣ ಕೆಳಗಿರಲಿ, ಒದ್ದೆ ಮಾಡಿ ಸುರುಳಿ ಸುತ್ತಿ, ಪೂರ್ತಿ ಕತ್ತಲೆಯಲ್ಲಿ ನೆಟ್ಟಗೆ ನಿಲ್ಲಿಸಿ. ಹತ್ತು ಹನ್ನೆರಡು ದಿನಕ್ಕೆ ಎಲೆ ಕವಚ ಸೀಳಿ ಹೊರಬಂದ ಮೇಲೆ ಕಾಳಿನಿಂದ ಕವಚದ ತುದಿಯವರೆಗೆ ಅಳೆಯಿರಿ. ಬಂದ ಉದ್ದಕ್ಕಿಂತ ಒಂದೆರಡು ಸೆಂ.ಮೀ. ಕಡಿಮೆ ಆಳವೇ ನಿಮ್ಮ ಮಿತಿ. ಗಿಡ್ಡತನವನ್ನೂ ಉಳಿಸಿ ಕವಚವನ್ನೂ ಉದ್ದವಿಡುವ ಬೇರೆ ಜೀನುಗಳಿವೆ. ಅವನ್ನು ಬಳಸಿ ಆಳಕ್ಕೆ ಬಿತ್ತಿದರೆ ಆಸ್ಟ್ರೇಲಿಯಾದ ಒಟ್ಟು ಇಳುವರಿ ಶೇ. 18–20ರಷ್ಟು ಏರಬಹುದೆಂದು 2022ರ ಮಾದರಿ ಅಧ್ಯಯನ ಹೇಳಿತು.

ಇದೆಲ್ಲ ಕುಲಾಂತರಿಯೇ?

ಮೇಲೆ ಹೇಳಿದ ಗೋಧಿ ತಳಿ ಕೆಲಸ ಬಹುತೇಕ ಸಾಮಾನ್ಯ ದಾಟಿಸುವಿಕೆ, ಆಯ್ಕೆ. ಸೂರ್ಯಕಾಂತಿಯ ಜೀನಿರುವ ಬರ ಸಹಿಷ್ಣು ‘ಎಚ್‌ಬಿ4’ ಗೋಧಿ ಅರ್ಜೆಂಟೀನಾದ್ದು. ಭಾರತದಲ್ಲಿ ಅದನ್ನು ಬೆಳೆಯಲು ಅನುಮತಿ ಇಲ್ಲ. ಹೊರಗಿನ ಜೀನು ಸೇರಿಸದ ಜೀನು ತಿದ್ದುಪಡಿಗೆ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿದೆ.

ಕರ್ನಾಟಕದಲ್ಲಿ ಮಳೆಯಾಶ್ರಿತಕ್ಕೆ ಯಾವ ತಳಿ ಸಿಗುತ್ತದೆ? ಬೀಜ ನಾನೇ ಆರಿಸಿ ಇಟ್ಟುಕೊಳ್ಳಬಹುದೇ?

ಧಾರವಾಡ ಕೃಷಿ ವಿಶ್ವವಿದ್ಯಾಲಯದ ‘ಯುಎಎಸ್ 446’ ಡ್ಯೂರಂ ಮತ್ತು ‘ಯುಎಎಸ್ 347’ ಬ್ರೆಡ್ ಗೋಧಿ ಮಳೆಯಾಶ್ರಿತಕ್ಕೆಂದೇ ಬಂದವು. ಜವೆಯಲ್ಲಿ ‘ಡಿಡಿಕೆ 1029’ ಇದೆ, ಆದರೆ ಅದು ನೀರಾವರಿಗೆ.

ಗೋಧಿ ತನ್ನ ಪರಾಗಕ್ಕೇ ಕಾಳು ಕಟ್ಟುವ ಬೆಳೆ, ಮನೆಯ ಬೀಜ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಬಿಡುಗಡೆಯಾದ ಶುದ್ಧ ತಳಿಯೊಳಗೆ ಆರಿಸಿ ಬೇರು ಸುಧಾರಿಸಲು ಮಾತ್ರ ಆಗದು, ಗಿಡಗಳೆಲ್ಲ ಒಂದೇ. ಮಿಶ್ರವಾಗಿರುವ ಹಳೆಯ ನಾಟಿ ಬೀಜದಲ್ಲಿ ಆಯ್ಕೆಗೆ ಅರ್ಥವಿದೆ. ಹೊಲದ ನಡುವೆ, ಬದುವಿನಿಂದಲೂ ತಗ್ಗಿನಿಂದಲೂ ದೂರ, ಅಕ್ಕಪಕ್ಕದ ಗಿಡಗಳು ಸಮನಾಗಿರುವ ಕಡೆ, ಎಲ್ಲದರ ಜೊತೆಗೇ ತೆನೆ ಬಿಟ್ಟು ಕೊನೆಯವರೆಗೆ ಮೇಲಿನ ಎಲೆ ಹಸಿರಾಗಿಟ್ಟುಕೊಂಡ ಗಿಡಗಳಿಗೆ ದಾರ ಕಟ್ಟಿ. ತಡವಾಗಿ ತೆನೆ ಬಿಟ್ಟು ಹಸಿರಾಗಿರುವುದನ್ನು ಆರಿಸಬೇಡಿ, ಅದು ಬರೀ ತಡವಾದದ್ದು. ಒಂದೊಂದು ಗಿಡದ ತೆನೆಯನ್ನು ಬೇರೆಬೇರೆ ಕಾಗದದ ಚೀಲದಲ್ಲಿಟ್ಟು, ಮುಂದಿನ ವರ್ಷ ಒಂದು ಗಿಡಕ್ಕೆ ಒಂದು ಸಾಲಿನಂತೆ ಬಿತ್ತಿ, ಪ್ರತಿ ಹತ್ತು ಸಾಲಿಗೆ ಒಂದು ಸಾಲು ನಿಮ್ಮ ಮೂಲ ಬೀಜದ್ದಿರಲಿ. ಕಾಳು ತುಂಬಿದ ಸಾಲುಗಳನ್ನಷ್ಟೇ ಉಳಿಸಿಕೊಂಡು, ಕಾಳಿನ ತೇವಾಂಶ ಶೇ. 12ಕ್ಕಿಂತ ಕೆಳಗಿಳಿಯುವವರೆಗೆ ಬಿಸಿಲಲ್ಲಿ ಒಣಗಿಸಿ ಕಟ್ಟಿಡಿ.